ಹಂಡೆಯ ಕೀರ್ತಿ, ಹೂಜಿಯ ಕಸುಬು

ಪ್ರಾಚೀನ ಯುರೋಪಿನ ಕೆಲ್ಟರ ಕುಶಲತೆಯ ಮಾತೆತ್ತಿದರೆ ಎಲ್ಲರೂ ಗುಂಡೆಸ್ಟ್ರುಪ್ ಹಂಡೆಯನ್ನೇ ತೋರಿಸುತ್ತಾರೆ. 1891ರಲ್ಲಿ ಡೆನ್ಮಾರ್ಕಿನ ಜೌಗುನೆಲದಲ್ಲಿ ಸಿಕ್ಕ, ಸುಮಾರು 9 ಕಿಲೋ ಬೆಳ್ಳಿಯ ಅದರ ವೈಭವಕ್ಕೆ ನನ್ನ ತಕರಾರಿಲ್ಲ. ಆದರೆ ಅದರಲ್ಲಿ ಕೆಲ್ಟರದೆನ್ನಬಹುದಾದದ್ದು ಕೊರಳ ಕಡಗ, ಪ್ರಾಣಿಮುಖದ ಕಹಳೆಗಳಂಥ ಚಿತ್ರವಸ್ತು ಮಾತ್ರ. ತಗಡನ್ನು ಹಿಂದಿನಿಂದ ತಟ್ಟಿ ಉಬ್ಬಿಸಿದ ಕೆಲಸದಲ್ಲಿ ಆಗ್ನೇಯ ಯುರೋಪಿನ ಥ್ರೇಸಿನ ಬೆಳ್ಳಿಗೆಲಸದ ರೀತಿ ಎದ್ದು ಕಾಣುತ್ತದೆ. ಕುಶಲತೆಯನ್ನು ಅಳೆಯುವವರು ಕೆಲಸ ಮಾಡಿದ ಕೈ ಯಾವುದೆಂದು ಮೊದಲು ಕೇಳಬೇಕು.

ನಮ್ಮ ದೇಶದಲ್ಲಿ ಈ ಹಂಡೆಯ ಕೀರ್ತಿಗೆ ಇನ್ನೊಂದು ಕಾರಣವಿದೆ. ಅದರೊಳಗೆ ಕಾಲು ಮಡಿಸಿ ಕುಳಿತ ಕೊಂಬಿನ ದೇವತೆಯನ್ನು ಮೊಹೆಂಜೊದಾರೊದ ಪಶುಪತಿ ಮುದ್ರೆಯ ಪಕ್ಕದಲ್ಲಿಟ್ಟು ನಂಟು ಕಟ್ಟುವವರು ಬಹಳ. ಎರಡರ ನಡುವೆ ಸುಮಾರು 2000 ವರ್ಷಗಳ ಅಂತರ. ಮುದ್ರೆಯಲ್ಲಿರುವುದು ಕೋಣದ ಕೊಂಬು, ಹಂಡೆಯಲ್ಲಿರುವುದು ಸಾರಂಗದ ಕವಲುಗೊಂಬು. ನೆಲದ ಮೇಲೆ ಕೂರುವ ಯಾವ ಜನವಾದರೂ ಕಾಲು ಮಡಿಸಿ ಕೂರಬಹುದು. ಇಂಥ ಹೋಲಿಕೆಯಿಂದ ಹಂಡೆಗೂ ನ್ಯಾಯ ಸಿಗುವುದಿಲ್ಲ, ಮುದ್ರೆಗೂ ಸಿಗುವುದಿಲ್ಲ.

ಕೆಲ್ಟ್ ಕಸುಬುದಾರನ ಬುದ್ಧಿ ಕಾಣಬೇಕಾದರೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಬಾಸ್-ಯೂಟ್ಸ್ ಹೂಜಿಗಳನ್ನು ನೋಡಬೇಕು. 1927ರಲ್ಲಿ ಫ್ರಾನ್ಸಿನ ಮೊಸೆಲ್ ಸೀಮೆಯಲ್ಲಿ ಸಿಕ್ಕ ಈ ಕಂಚಿನ ಜೋಡಿ ಸುಮಾರು ಕ್ರಿ.ಪೂ. 400ರದು. ಎತ್ತರ 40 ಸೆಂಟಿಮೀಟರಿನಷ್ಟು. ಮೂತಿಯ ತುದಿಯಲ್ಲಿ ಒಂದು ಪುಟ್ಟ ಬಾತುಕೋಳಿ ಕುಳಿತಿದೆ. ಹಿಡಿಕೆಯೇ ಒಂದು ಬೇಟೆನಾಯಿ. ಅಂಚಿನ ಮೇಲೆ ಇನ್ನೆರಡು ಮಲಗಿವೆ. ಹೂಜಿ ನೆಟ್ಟಗೆ ನಿಂತಿರುವಾಗ ಬಾತುಕೋಳಿಗೆ ನೀರಿಲ್ಲ, ನಾಯಿಗಳಿಗೆ ಬೇಟೆ ಎಟುಕುವುದಿಲ್ಲ. ಬಡಿಸುವವನು ನಾಯಿಯ ಬೆನ್ನನ್ನೇ ಹಿಡಿದು ಬಗ್ಗಿಸುತ್ತಾನೆ. ಪಾನೀಯ ಬಾತುಕೋಳಿಯ ಅಡಿಯಿಂದ ಹರಿಯುತ್ತದೆ, ಅದು ಈಜತೊಡಗುತ್ತದೆ. ಬಡಿಸುವುದು ನಿಂತರೆ ಈಜೂ ನಿಂತಿತು. ಪಾತ್ರೆಯ ಬಳಕೆಯನ್ನೇ ಕಥೆಯಾಗಿಸಿದ ಈ ಯೋಚನೆಯ ಮುಂದೆ ಹಂಡೆಯ ದೇವತೆಗಳ ಸಾಲು ನನಗೆ ಜಡವಾಗಿ ಕಾಣುತ್ತದೆ.

ಈ ಹೂಜಿಗಳು ಪ್ರಾಚೀನ ಇಟಲಿಯ ಎಟ್ರುಸ್ಕನ್ ಹೂಜಿಯ ನಕಲು ಎಂಬ ಆಕ್ಷೇಪವೂ ಇದೆ. ಆಕಾರ ಅಲ್ಲಿಯದೇ, ಅವುಗಳಲ್ಲಿ ಕೂರಿಸಿದ ಹವಳ ಮೆಡಿಟರೇನಿಯನ್ನಿನದೇ. ಜೊತೆಗೆ ಎರಡು ಎಟ್ರುಸ್ಕನ್ ಪಾತ್ರೆಗಳೂ ಸಿಕ್ಕಿವೆ. 1944ರಲ್ಲಿ ಪುರಾತತ್ವಜ್ಞ ಪೌಲ್ ಯಾಕೋಬ್ಸ್‌ಟಾಲ್ ಕೆಲ್ಟ್ ಕಲೆಯ ಮೂಲಗಳನ್ನು ಗ್ರೀಕ್-ಇಟಾಲಿಯನ್, ಪೂರ್ವದೇಶೀಯ, ಸ್ಥಳೀಯ ಎಂದು ಬಿಡಿಸಿ ತೋರಿಸಿದ್ದು ದೊಡ್ಡ ಕೆಲಸ. ಆ ವಿಂಗಡಣೆಯನ್ನೇ ಹಿಡಿದು ಕೂತ ವಿಮರ್ಶಕರು ಮಾತ್ರ ಸಾಮಗ್ರಿ ಎಲ್ಲಿಂದ ಬಂತೆಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಅನ್ಯರ ಹೂಜಿಯನ್ನು ಎದುರಿಗಿಟ್ಟುಕೊಂಡೇ, ಅದರ ಮೂತಿಯಲ್ಲಿ ಹರಿಯುವ ಹೊಳೆಯನ್ನು ಕಂಡವನ ಕಣ್ಣಿನ ಬಗ್ಗೆ ಅವರು ಒಂದು ಸಾಲೂ ಬರೆಯುವುದಿಲ್ಲ.