ಬಡಗಿಯ ಕೈ, ಊರಿನ ದುಡ್ಡು

ಜಪಾನಿನ ಮತ್ಸುಮೊತೊದಲ್ಲಿರುವ ಹಳೆಯ ಕೈಚಿ ಶಾಲೆಯ ಮುಂಬಾಗಿಲ ಮೇಲೆ ಇಬ್ಬರು ರೆಕ್ಕೆಯ ದೇವದೂತರು ಶಾಲೆಯ ಹೆಸರಿನ ಫಲಕ ಹಿಡಿದಿದ್ದಾರೆ. ಅವರ ಕೆಳಗೆ ಮೋಡಗಳ ಕೆತ್ತನೆ, ಅದರ ಕೆಳಗೆ ಡ್ರ್ಯಾಗನ್. ಮಾಡಿನ ನೆತ್ತಿಯಲ್ಲಿ ಎಂಟು ಮೂಲೆಯ ಗೋಪುರ. ಗೋಡೆಯ ಅಂಚಿನಲ್ಲಿ ಕಲ್ಲು ಜೋಡಿಸಿದಂತೆ ಕಾಣುವುದು ಬರೀ ಗಾರೆ, ಒಳಗಿರುವುದು ಮರ. 1876ರ ಈ ಕಟ್ಟಡವನ್ನು ಪಶ್ಚಿಮದ ನಕಲು ಎಂದು ತಳ್ಳಿಹಾಕುವುದು ಸುಲಭ.

ನಕಲು ಮಾಡುವವನು ಇಷ್ಟು ಧೈರ್ಯ ತೋರುವುದಿಲ್ಲ. ಕಟ್ಟಿದಾತ ತತೆಇಶಿ ಸೇಜು ಎಂಬ ಸ್ಥಳೀಯ ಬಡಗಿ. ಟೋಕಿಯೊ, ಯೊಕೊಹಾಮಾಗಳಿಗೆ ಹೋಗಿ ವಿದೇಶಿ ಮಾದರಿಯ ಕಟ್ಟಡಗಳನ್ನು ನೋಡಿಬಂದ. ಆಮೇಲೆ ತನಗೆ ಕೈಹತ್ತಿದ ಕಸುಬಿನಲ್ಲೇ ಈ ಶಾಲೆಯನ್ನು ಕಟ್ಟಿದ. ದೇವದೂತರು ಬಂದದ್ದು ಟೋಕಿಯೊದ ಪತ್ರಿಕೆಯೊಂದರ ತಲೆಬರಹದ ಚಿತ್ರದಿಂದ ಎನ್ನುತ್ತಾರೆ. ಡ್ರ್ಯಾಗನ್ ಮಾತ್ರ ದೇವಾಲಯದ ಕೆತ್ತನೆಗಾರರ ಹಳೆಯ ನೆಂಟ. ಎರಡನ್ನೂ ಒಂದೇ ಬಾಗಿಲ ಮೇಲೆ ಕೂರಿಸಲು ಆತನಿಗೆ ಸಂಕೋಚವೇ ಆಗಿಲ್ಲ. ಪಠ್ಯಪುಸ್ತಕದ ಶುದ್ಧಶೈಲಿ ಕಲಿತ ವಾಸ್ತುಶಿಲ್ಪಿಯಿಂದ ಇದು ಆಗುತ್ತಿರಲಿಲ್ಲ. ನನಗೆ ಈ ಕಟ್ಟಡದ ಸೊಗಸಿರುವುದು ಈ ಸಂಕೋಚಗೇಡಿತನದಲ್ಲೇ.

ದುಡ್ಡಿನ ಕಥೆ ಇನ್ನೂ ದೊಡ್ಡದು. ಬೌದ್ಧ ದೇವಾಲಯಗಳನ್ನು ಮುಚ್ಚಿಸುತ್ತಿದ್ದ ಕಾಲವದು. 1873ರಲ್ಲಿ ಶಾಲೆ ಶುರುವಾದದ್ದೇ ಹಾಗೆ ಮುಚ್ಚಿಹೋದ ಜೆನ್‌ಕ್ಯೂ-ಇನ್ ದೇವಾಲಯದಲ್ಲಿ. ಹೊಸ ಕಟ್ಟಡಕ್ಕೆ ತಗುಲಿದ ಸುಮಾರು 11,000 ಯೆನ್‌ನಲ್ಲಿ ಹೆಚ್ಚುಕಡಿಮೆ ಶೇ. 70ರಷ್ಟನ್ನು ಕೊಟ್ಟವರು ಊರಿನವರು. ಸರ್ಕಾರ ಕಡ್ಡಾಯ ಮಾಡಿದ ಶಿಕ್ಷಣಕ್ಕೆ ತೆರಿಗೆಯ ಹಾಗೆ ವಸೂಲಾದದ್ದೂ ಇದರಲ್ಲಿ ಇದ್ದೀತು. ಎಲ್ಲವನ್ನೂ ಊರಿನ ಔದಾರ್ಯದ ಲೆಕ್ಕಕ್ಕೆ ಬರೆಯಬೇಕಿಲ್ಲ. ಆದರೆ ಮೆತೊಬಾ ಹೊಳೆಯ ದಡದಲ್ಲಿ ಎದ್ದ ಆ ಗೋಪುರದಲ್ಲಿ ತಮ್ಮದೂ ಪಾಲಿದೆ ಎಂದು ಅಂಗಡಿಬೀದಿಯವರು ಹೇಳಿಕೊಳ್ಳಬಹುದಿತ್ತು. ಸುಮಾರು 90 ವರ್ಷ ಮಕ್ಕಳು ಇಲ್ಲೇ ಓದಿದರು.

1963ರಲ್ಲಿ ತರಗತಿಗಳು ನಿಂತವು. ಹೊಳೆಯ ಕಾಮಗಾರಿಗಾಗಿ ಕಟ್ಟಡವನ್ನು ಬಿಚ್ಚಿ, ಊರಿನ ಕೋಟೆಯ ಉತ್ತರಕ್ಕೆ ಒಯ್ದು ಮತ್ತೆ ಜೋಡಿಸಿದರು. ಆ ಕೆಲಸ ಮಾಡದಿದ್ದರೆ ಇಂದು ಕಟ್ಟಡವೇ ಇರುತ್ತಿರಲಿಲ್ಲವೇನೋ, ಹಾಗಾಗಿ ದೂರುವಂತಿಲ್ಲ. ಆದರೂ ಹೊಸ ಜಾಗದಲ್ಲಿ ಅದು ಒಂಟಿಯಾಗಿ, ಸುತ್ತ ಅಂಗಳ ಬಿಟ್ಟುಕೊಂಡು, ಪ್ರದರ್ಶನದ ವಸ್ತುವಾಗಿ ನಿಂತಿದೆ. ಅದಕ್ಕೆ ದುಡ್ಡು ಕೊಟ್ಟ ಬೀದಿಗೆ ಈಗ ಅದು ಕಾಣುವುದಿಲ್ಲ. ಪಕ್ಕದಲ್ಲೇ ಅದೇ ಹೆಸರಿನ ಪ್ರಾಥಮಿಕ ಶಾಲೆ ನಡೆಯುತ್ತಿರುವುದೊಂದು ಸಮಾಧಾನ.

2019ರಲ್ಲಿ ಜಪಾನ್ ಇದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿತು. ಬಡಗಿಯ ಕೈಗೆ ಸಂದ ಗೌರವವದು, ತಡವಾದರೂ ಸರಿಯಾದದ್ದೇ. ಹೊಳೆದಂಡೆಯ ಕೇರಿಗೆ ಅದರಲ್ಲಿ ಪಾಲು ಸಿಕ್ಕಿಲ್ಲ.