ಅಸೈನ್‌ಮೆಂಟಿನ ನೆರವು ಎಲ್ಲಿ ನಿಲ್ಲಬೇಕು?

ಇಂಜಿನಿಯರಿಂಗ್ ಮೊದಲ ವರ್ಷದ ಹುಡುಗ ಹುಡುಗಿಯರಿಗೆ ಗಣಿತ ಮತ್ತು ಮೆಕ್ಯಾನಿಕ್ಸ್ ಲೆಕ್ಕಗಳಲ್ಲಿ ನೆರವಾಗುವವರಿಗೆ ಇವತ್ತು ಬರವಿಲ್ಲ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿಟ್ಟ ಕಟ್ಟು ಸಿಗುತ್ತದೆ. ಹಾಸ್ಟೆಲಿನ ಸೀನಿಯರ್ ಹತ್ತಿರ ಹೋದ ವರ್ಷದ ನೋಟ್ಸ್ ಇರುತ್ತದೆ. ಸಂಜೆ ಟ್ಯೂಷನ್ ಇದೆ, ಯೂಟ್ಯೂಬಿನಲ್ಲಿ ಪಾಠಗಳಿವೆ, ಪ್ರಶ್ನೆಯ ಫೋಟೊ ತೆಗೆದು ಹಾಕಿದರೆ ಸ್ಟೆಪ್ ಸಮೇತ ಬಿಡಿಸಿಕೊಡುವ ಆ್ಯಪ್‌ಗಳೂ ಬಂದಿವೆ. ಇಷ್ಟಿದ್ದೂ ಗಣಿತದ ಪೇಪರ್ ಬ್ಯಾಕ್‌ಲಾಗ್ ಉಳಿಸಿಕೊಂಡು ಒದ್ದಾಡುವವರು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಪೆನ್ನು ನಿಂತುಬಿಡುತ್ತದೆ. ನಾವು ಕೊಡುತ್ತಿರುವ ನೆರವಿನ ಬಹುಪಾಲು ತಪ್ಪು ಜಾಗದಲ್ಲಿ ಕಾಲಿಡುತ್ತಿದೆ ಎಂಬುದು ನನ್ನ ಅಭಿಪ್ರಾಯ. ವಿದ್ಯಾರ್ಥಿ ಎಲ್ಲಿ ಯೋಚಿಸಬೇಕೋ ಅಲ್ಲಿ ನಾವು ಅವನ ಪರವಾಗಿ ಯೋಚಿಸಿ, ಅವನೇ ಮಾಡಬಲ್ಲ ಕೂಡು-ಕಳೆಯನ್ನು ವಿವರವಾಗಿ ಬರೆದುಕೊಡುತ್ತಿದ್ದೇವೆ.

ಮೆಕ್ಯಾನಿಕ್ಸಿನಲ್ಲಿ ಎಲ್ಲರೂ ಬಿಡಿಸುವ ಏಣಿಯ ಲೆಕ್ಕವನ್ನೇ ನೋಡೋಣ. 5 ಮೀಟರ್ ಉದ್ದದ, 200 ನ್ಯೂಟನ್ ತೂಕದ ಏಕರೂಪದ ಏಣಿ ನುಣುಪಾದ ಗೋಡೆಗೆ ಒರಗಿದೆ. ಬುಡ ಗೋಡೆಯಿಂದ 3 ಮೀಟರ್ ದೂರದಲ್ಲಿದೆ, ತುದಿ 4 ಮೀಟರ್ ಎತ್ತರದಲ್ಲಿದೆ. ನೆಲದ ಘರ್ಷಣಾಂಕ 0.3. 700 ನ್ಯೂಟನ್ ತೂಕದ ಮನುಷ್ಯ ಏಣಿ ಜಾರುವ ಮುಂಚೆ ಎಷ್ಟು ದೂರ ಹತ್ತಬಲ್ಲ? ಬಿಡಿಸಿಟ್ಟ ಕಟ್ಟಿನಲ್ಲಿ ಉತ್ತರ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ನೆಲದ ಪ್ರತಿಬಲ 900, ಘರ್ಷಣೆ 270, ಗೋಡೆಯ ಪ್ರತಿಬಲವೂ 270. ಬುಡದ ಸುತ್ತ ಮೊಮೆಂಟ್ ತೆಗೆದುಕೊಂಡರೆ ಮನುಷ್ಯ ಬುಡದಿಂದ ಅಡ್ಡಕ್ಕೆ 1.11 ಮೀಟರ್, ಏಣಿಯ ಉದ್ದಕ್ಕೆ 1.86 ಮೀಟರ್ ಹೋಗಬಲ್ಲ. ಒಂದು ತಪ್ಪೂ ಇಲ್ಲ, ಪೂರ್ಣ ಅಂಕ ಸಿಗುತ್ತದೆ.

ಆದರೆ ಆ ಸಾಲುಗಳನ್ನು ಬರೆಯುವ ಮೊದಲು ಮೂರು ತೀರ್ಮಾನಗಳು ಆಗಿಹೋಗಿವೆ. ಗೋಡೆಯ ಬಳಿ ಮೇಲ್ಮುಖವಾದ ಬಲ ಯಾಕಿಲ್ಲ? ಘರ್ಷಣೆಯನ್ನು ಪೂರ್ತಿ 270 ಎಂದು ಹಿಡಿದದ್ದು ಯಾಕೆ? ಮೊಮೆಂಟಿಗೆ ಬುಡವನ್ನೇ ಆರಿಸಿದ್ದು ಯಾಕೆ? ಇಡೀ ಲೆಕ್ಕ ಇರುವುದು ಈ ಮೂರರಲ್ಲಿ. ಕಟ್ಟು ಇವುಗಳ ಬಗ್ಗೆ ಬಾಯಿ ಬಿಡುವುದಿಲ್ಲ. ಮುಂದಿನ ವಾರ ಇಂಟರ್ನಲ್ಸಿನಲ್ಲಿ ಅದೇ ಏಣಿ ಕೊಟ್ಟು, ಮನುಷ್ಯ ಏಣಿಯ ಮೇಲೆ 1 ಮೀಟರ್ ಹತ್ತಿ ನಿಂತಿದ್ದಾನೆ, ಘರ್ಷಣೆ ಎಷ್ಟು ಎಂದು ಕೇಳಿದರೆ ನಕಲು ಮಾಡಿದವನು ಮತ್ತೆ 270 ಎಂದೇ ಬರೆಯುತ್ತಾನೆ. ಸರಿಯಾದ ಉತ್ತರ 180 ನ್ಯೂಟನ್. ಘರ್ಷಣೆ ತನ್ನ ಮಿತಿಯೊಳಗೆ ಎಷ್ಟು ಬೇಕೋ ಅಷ್ಟೇ ಹುಟ್ಟುತ್ತದೆ, ಜಾರುವ ಅಂಚಿನಲ್ಲಿ ಮಾತ್ರ ಮಿತಿ ಮುಟ್ಟುತ್ತದೆ ಎಂಬುದು ಅವನ ತಲೆಗೆ ಹೋಗಿಲ್ಲ. ಹೋಗುವ ಸಂದರ್ಭವನ್ನೇ ನೆರವು ತಪ್ಪಿಸಿತ್ತು.

ಇದೇ ಲೆಕ್ಕವನ್ನು ಹಾಸ್ಟೆಲಿನ ಒಬ್ಬ ಒಳ್ಳೆಯ ಸೀನಿಯರ್ ಹೇಳಿಕೊಡುವ ಬಗೆ ಬೇರೆ. ‘ಏಣೀನ ಏನೇನು ಮುಟ್ಟಿದೆ, ಹೇಳು’ ಎಂದು ಶುರು ಮಾಡುತ್ತಾನೆ. ನೆಲ, ಗೋಡೆ, ಮನುಷ್ಯ. ಮುಟ್ಟದೇ ಎಳೆಯುವುದು ಭೂಮಿ ಮಾತ್ರ. ‘ಗೋಡೆ ನುಣುಪು ಅಂದಿದ್ದಾರೆ, ಹಾಗಾದ್ರೆ ಅದು ಯಾವ ಕಡೆ ತಳ್ಳುತ್ತೆ?’ ಎನ್ನುತ್ತಾನೆ. ಅಷ್ಟರಲ್ಲಿ ಫ್ರೀ ಬಾಡಿ ಡಯಗ್ರಾಂ ಕೇಳಿದವನ ಕೈಯಿಂದಲೇ ಮೂಡಿರುತ್ತದೆ. ‘ಗೊತ್ತಿಲ್ಲದ ಬಲ ಎರಡು ಒಂದೇ ಕಡೆ ಸೇರಿರೋದು ಎಲ್ಲಿ?’ ಎಂದಾಗ ಬುಡದ ಸುತ್ತ ಮೊಮೆಂಟ್ ತೆಗೆದುಕೊಳ್ಳುವ ಉಪಾಯ ತಾನಾಗಿ ಹೊಳೆಯುತ್ತದೆ. ಉತ್ತರ ಬಂದ ಮೇಲೂ ಅವನು ಬಿಡುವುದಿಲ್ಲ: ಮನುಷ್ಯ ತುದಿವರೆಗೂ ಹೋಗಬೇಕಾದರೆ? 600 ನ್ಯೂಟನ್ ಘರ್ಷಣೆ ಬೇಕು, ಅಂದರೆ ಘರ್ಷಣಾಂಕ ಕನಿಷ್ಠ 0.67 ಇರಬೇಕು. ಏಣಿಯ ಮೇಲೆ ಯಾರೂ ಇಲ್ಲದಿದ್ದರೆ? 75 ನ್ಯೂಟನ್ ಸಾಕು. ಆಮೇಲೆ ಅಂಥ ಹತ್ತು ಲೆಕ್ಕ ಬಂದರೂ ಆ ಹುಡುಗ ಹೆದರುವುದಿಲ್ಲ.

ಗಣಿತದಲ್ಲೂ ಇದೇ ಕಥೆ. ಡಬಲ್ ಇಂಟಿಗ್ರಲ್‌ನಲ್ಲಿ ಕ್ರಮ ಬದಲಿಸುವ ಲೆಕ್ಕ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಇ’ಯ ಘಾತ ವೈ-ವರ್ಗವನ್ನು, ವೈ ಎಕ್ಸ್‌ನಿಂದ 1ರವರೆಗೆ, ಎಕ್ಸ್ 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿ ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. ಕೊಟ್ಟ ಕ್ರಮದಲ್ಲಿ ಹೋದರೆ ಮೊದಲ ಹೆಜ್ಜೆಯೇ ಮುಂದೆ ಸಾಗದು. ಕ್ರಮ ಬದಲಿಸಿದರೆ ಎಕ್ಸ್ 0ಯಿಂದ ವೈವರೆಗೆ ಓಡುತ್ತದೆ, ಒಳಗಡೆ ಒಂದು ವೈ ಹುಟ್ಟಿಕೊಳ್ಳುತ್ತದೆ, ಉತ್ತರ ‘ಇ’ಯಲ್ಲಿ ಒಂದು ಕಳೆದು ಅದರ ಅರ್ಧ. ಬಿಡಿಸಿಟ್ಟ ಉತ್ತರಗಳು ಹೊಸ ಲಿಮಿಟ್ಟುಗಳನ್ನು ಸೀದಾ ಬರೆದುಬಿಡುತ್ತವೆ. ಅವು ಬರುವುದು ತ್ರಿಕೋನವೊಂದನ್ನು ಬರೆದು, ಅದನ್ನು ನಿಂತ ಪಟ್ಟಿಗಳ ಬದಲು ಮಲಗಿದ ಪಟ್ಟಿಗಳಾಗಿ ಸೀಳಿ ನೋಡಿದಾಗ. ಆ ತ್ರಿಕೋನ ಬರೆಯದೆ ಲಿಮಿಟ್ಟು ಬಾಯಿಪಾಠ ಮಾಡಿದವರು ಅದರ ಜಾಗದಲ್ಲಿ ಪ್ಯಾರಾಬೋಲ ಬಂದ ಕೂಡಲೇ ಕೈಚೆಲ್ಲುತ್ತಾರೆ.

ನೆರವಿನ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಜಾರ್ಜ್ ಪೋಲ್ಯ ಮುಖ್ಯರು. ಬುಡಾಪೆಸ್ಟಿನಲ್ಲಿ 1887ರಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ದೀರ್ಘಕಾಲ ಕಲಿಸಿ, ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿದ ಗಣಿತಜ್ಞ. ಅವರ ‘ಹೌ ಟು ಸಾಲ್ವ್ ಇಟ್’ 1945ರಲ್ಲಿ ಬಂತು. ಲೆಕ್ಕ ಬಿಡಿಸುವುದನ್ನು ಅವರು ನಾಲ್ಕು ಹಂತಗಳಲ್ಲಿ ನೋಡುತ್ತಾರೆ: ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ಉಪಾಯ ಹುಡುಕುವುದು, ಅದನ್ನು ನಡೆಸುವುದು, ಕೊನೆಗೆ ಹಿಂತಿರುಗಿ ನೋಡುವುದು. ಮೇಷ್ಟ್ರು ತೀರಾ ಹೆಚ್ಚು ಸಹಾಯ ಮಾಡಿದರೆ ವಿದ್ಯಾರ್ಥಿಗೆ ಕೆಲಸವೇ ಉಳಿಯುವುದಿಲ್ಲ, ತೀರಾ ಕಡಿಮೆ ಮಾಡಿದರೆ ಅವನು ಮುಂದೆ ಹೋಗುವುದಿಲ್ಲ ಎಂಬುದು ಅವರ ಮೊದಲ ಮಾತುಗಳಲ್ಲೇ ಇದೆ. ಈ ನಾಲ್ಕು ಹಂತಗಳನ್ನು ಮುಂದಿಟ್ಟುಕೊಂಡರೆ ನಮ್ಮ ನೆರವಿನ ದೋಷ ಸ್ಪಷ್ಟವಾಗುತ್ತದೆ: ಅದರ ಬಹುಭಾಗ ಮೂರನೆಯ ಹಂತದಲ್ಲೇ ಇದೆ. ವಿದ್ಯಾರ್ಥಿ ಸಿಕ್ಕಿಬೀಳುವುದು ಮೊದಲ ಎರಡರಲ್ಲಿ. ನಾಲ್ಕನೆಯದನ್ನಂತೂ ಕೇಳುವವರೇ ಇಲ್ಲ.

ಹಾಗೆಂದು ಪೋಲ್ಯ ಹೇಳಿದ್ದೆಲ್ಲ ನಮ್ಮ ತರಗತಿಗೆ ಸಾಲುತ್ತದೆ ಎನ್ನಲಾರೆ. ಬಲ, ಮೊಮೆಂಟ್ ಎಂದರೇನೆಂದೇ ಹಿಡಿತ ಸಿಗದವನಿಗೆ ‘ಇಂಥದ್ದೇ ಲೆಕ್ಕ ಮೊದಲು ನೋಡಿದ್ದೀಯಾ?’ ಎಂದು ಕೇಳಿ ಪ್ರಯೋಜನವಿಲ್ಲ, ಅವನು ನೋಡಿಯೇ ಇಲ್ಲ. ಆಸ್ಟ್ರೇಲಿಯಾದ ಜಾನ್ ಸ್ವೆಲರ್ ಮತ್ತು ಅವರ ಸಹೋದ್ಯೋಗಿ ಕೂಪರ್ 1985ರಲ್ಲಿ ಬೀಜಗಣಿತದ ಬಗ್ಗೆ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಹೊಸದಾಗಿ ಕಲಿಯುವವರಿಗೆ ಬಿಡಿಸಿದ ಮಾದರಿಗಳನ್ನು ಓದುವುದು ಬರಿದೆ ತಡಕಾಡುವುದಕ್ಕಿಂತ ಲಾಭದಾಯಕ. ಆದ್ದರಿಂದ ಬಿಡಿಸಿಟ್ಟ ಕಟ್ಟನ್ನು ಸುಡಬೇಕೆಂಬ ವಾದ ನನ್ನದಲ್ಲ. ಪ್ರತಿ ಅಧ್ಯಾಯದ ಮೊದಲ ಒಂದೆರಡು ಲೆಕ್ಕ ಪೂರ್ತಿ ಬಿಡಿಸಿಯೇ ಇರಲಿ, ಜೊತೆಗೆ ಪ್ರತಿ ಸಾಲಿನ ಪಕ್ಕ ‘ಯಾಕೆ’ ಎಂಬುದೂ ಇರಲಿ. ಮೂರನೆಯದರಿಂದ ಚಿತ್ರ ಮಾತ್ರ ಕೊಡಿ, ಐದನೆಯದರಿಂದ ಒಂದು ಪ್ರಶ್ನೆ ಮಾತ್ರ ಕೇಳಿ. ನೆರವು ಹೀಗೆ ಹಂತಹಂತವಾಗಿ ಹಿಂದೆ ಸರಿಯಬೇಕು.

ಈ ಕಣ್ಣಿನಿಂದ ಉಳಿದ ನೆರವುಗಳನ್ನೂ ತೂಗಬಹುದು. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳು ವಿಷಯ ತಿಳಿಯಲು ದೊಡ್ಡ ಸಂಪತ್ತು. ಆದರೆ ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ಎಂದು ವಿಡಿಯೊ ಕೇಳಲಾರದು. ಟ್ಯೂಷನ್ ಮೇಷ್ಟ್ರು ಕೇಳಬಲ್ಲರು, ಆದರೆ ಪರೀಕ್ಷೆ ಹತ್ತಿರವಾದಂತೆ ಅವರೂ ಬೋರ್ಡಿನ ಮೇಲೆ ಬರೆಸುವುದಕ್ಕೆ ಇಳಿಯುತ್ತಾರೆ. ಆ್ಯಪ್ ಕೇಳಿದ್ದನ್ನು ಕೊಡುತ್ತದೆ. ‘ಉತ್ತರ ಬೇಡ, ನನ್ನ ಚಿತ್ರ ಸರಿಯಿದೆಯೇ ಹೇಳು’ ಎಂದು ಕೇಳುವಷ್ಟು ಸಂಯಮ ಇರುವವರಿಗೆ ಅದು ಉಪಯುಕ್ತ, ಮಿಕ್ಕವರಿಗೆ ಕಟ್ಟಿಗಿಂತ ಬೇಗ ಸಿಗುವ ಕಟ್ಟು ಅಷ್ಟೆ. ಎಲ್ಲಿ ನಿಂತಿದ್ದೀರಿ ಎಂದು ಕೇಳುವುದನ್ನೇ ವ್ಯವಸ್ಥೆ ಮಾಡಿಕೊಂಡವರೂ ಇದ್ದಾರೆ: ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಇಬ್ಬರು ವಿದ್ಯಾರ್ಥಿಗಳು ತಾವು ಮಾಡಿದ ಲೆಕ್ಕಗಳನ್ನು ಮೊದಲೇ ಒಪ್ಪಿಸಿ, ಆಮೇಲೆ ಅಧ್ಯಾಪಕರ ಜೊತೆ ಕೂತು ಚರ್ಚಿಸುತ್ತಾರೆ. ಅರವತ್ತು ಜನರ ನಮ್ಮ ಸೆಕ್ಷನ್ನಿನಲ್ಲಿ ಅದು ಆಗದ ಮಾತು. ಹಾಗಾಗಿ ನಮ್ಮಲ್ಲಿ ಆ ಜಾಗ ತುಂಬುತ್ತಿರುವುದು ಸೀನಿಯರ್ ಮತ್ತು ಜೊತೆಗಾರರು. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೂ ಅವರು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ, ಎದುರಿಗಿರುವವನ ಮುಖ ನೋಡಿ ನಿಲ್ಲಿಸುತ್ತಾರೆ. ಇಷ್ಟು ಬೆಲೆಯ ನೆರವನ್ನು ನಾನು ಕಂಡ ಯಾವ ಕಾಲೇಜೂ ತನ್ನ ಟೈಮ್‌ಟೇಬಲ್ಲಿನಲ್ಲಿ ಸೇರಿಸಿಕೊಳ್ಳದಿರುವುದು ನನಗೆ ನೋವಿನ ಸಂಗತಿ.

ಕೇಳುವವರ ಜವಾಬ್ದಾರಿಯೂ ಇದೆ. ‘ಸರ್, ಈ ಪ್ರಾಬ್ಲಮ್ ಬರ್ತಿಲ್ಲ’ ಎಂದರೆ ಹೇಳಿಕೊಡುವವರಿಗೆ ಪೂರ್ತಿ ಬಿಡಿಸುವುದೊಂದೇ ದಾರಿ. ‘ಚಿತ್ರ ಬರೆದೆ, ಬಲ ಗುರುತಿಸಿದೆ, ಸಮೀಕರಣ ಎರಡು ಬಂತು, ಗೊತ್ತಿಲ್ಲದ್ದು ಮೂರಿದೆ’ ಎಂದರೆ ಒಂದೇ ಮಾತಿನಲ್ಲಿ ಕೆಲಸವಾಗುತ್ತದೆ. ಎಲ್ಲಿ ನಿಂತೆ ಎಂದು ಹೇಳಲು ಬಂದವನು ಅರ್ಧ ದಾರಿ ಬಂದ ಹಾಗೆಯೇ.

ಇನ್ನು ತಿದ್ದುವವರ ಜವಾಬ್ದಾರಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಕಾಲೇಜೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ (ಸಿಐಇ) 50 ಅಂಕ, ಅಂತಿಮ ಪರೀಕ್ಷೆಗೆ 50. ಅಸೈನ್‌ಮೆಂಟ್ ತಿದ್ದುವ ಅಧಿಕಾರ ಅಧ್ಯಾಪಕರ ಕೈಯಲ್ಲೇ ಇದೆ. ನೀಟಾಗಿ ನಕಲಾದ ಉತ್ತರಕ್ಕೆ ಪೂರ್ಣ ಅಂಕ ಕೊಡುವವರೆಗೆ ಜೆರಾಕ್ಸ್ ಅಂಗಡಿಯನ್ನು ದೂರಿ ಫಲವಿಲ್ಲ. ಅಂಕದ ಒಂದು ಪಾಲನ್ನು ಫ್ರೀ ಬಾಡಿ ಡಯಗ್ರಾಮಿಗೆ, ಒಂದು ಪಾಲನ್ನು ‘ಈ ದಾರಿ ಯಾಕೆ ಹಿಡಿದೆ’ ಎಂಬ ಎರಡು ಸಾಲಿಗೆ, ಇನ್ನೊಂದನ್ನು ಉತ್ತರ ಬಂದ ಮೇಲೆ ಮಾಡಿದ ಪರಿಶೀಲನೆಗೆ ಮೀಸಲಿಟ್ಟರೆ ವಿದ್ಯಾರ್ಥಿಗಳು ಕೇಳುವ ಸಹಾಯದ ಸ್ವರೂಪವೇ ಬದಲಾಗುತ್ತದೆ. ಆಗ ಅವರು ಉತ್ತರ ಕೇಳಿಕೊಂಡು ಬರುವುದಿಲ್ಲ, ಕಾರಣ ಕೇಳಿಕೊಂಡು ಬರುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಆ್ಯಪ್ ಬೇಡ. ತಿದ್ದುವ ಕೆಂಪು ಪೆನ್ನು ಉತ್ತರದ ಸಾಲಿಗಿಂತ ಮೊದಲು ಚಿತ್ರವನ್ನು ನೋಡಿದರೆ ಸಾಕು.