ಚೀಟಿಯ ಕೊನೆಯ ಸಾಲು

ಡಾಕ್ಟರ ಕೈಬರಹ ಓದಲು ಬಾರದವರೂ ಅವರ ಚೀಟಿಯ ಕೊನೆಯ ಸಾಲನ್ನು ಊಹಿಸಬಲ್ಲರು. ಮೇಲಿನ ಸಾಲುಗಳಲ್ಲಿ ಮದ್ದಿನ ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಎಷ್ಟು ದಿನ ಎಂದೆಲ್ಲ ಇರುತ್ತದೆ. ಅದರ ಕೆಳಗೊಂದು ಗೀಟು, ಆಮೇಲೆ ‘ಊಟ ಹಿಡಿತದಲ್ಲಿರಲಿ, ವ್ಯಾಯಾಮ ಮಾಡಿ’. ಮದ್ದಿಗೆ ಪ್ರಮಾಣವುಂಟು, ಈ ಸಾಲಿಗಿಲ್ಲ. ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ಈಗ ನಡೆದಿರುವ ಚರ್ಚೆಯೆಲ್ಲ ಮೇಲಿನ ಸಾಲಿನದೇ. ಕೇರಳದ ವಯನಾಡು ಜಿಲ್ಲೆಯಲ್ಲಿ ನಿಂತು ನೋಡಿದರೆ, ವಿಮರ್ಶೆಗೆ ಎಳೆಯಬೇಕಾದದ್ದು ಕೊನೆಯ ಸಾಲು ಅನ್ನಿಸುತ್ತದೆ.

ವಯನಾಡು ಕನ್ನಡಿಗರಿಗೆ ಪರಊರಲ್ಲ. ಗುಂಡ್ಲುಪೇಟೆಯಿಂದ ಹೊರಟು ಬಂಡೀಪುರ, ಮುತ್ತಂಗದ ಕಾಡು ದಾಟಿದರೆ ಸುಲ್ತಾನ್ ಬತ್ತೇರಿ. ಅದರ ಹಳೆಯ ಹೆಸರು ಹನ್ನೆರಡು ಬೀದಿ. ಅಲ್ಲಿನ ಜೈನ ಮನೆಗಳ ಕನ್ನಡ ಇನ್ನೂ ಆರಿಲ್ಲ. ಬೆಟ್ಟಕುರುಬರ ಮಾತೂ ಅಲ್ಲಿ ಕಾಟ್ಟುನಾಯ್ಕರೆನಿಸಿಕೊಂಡ ಜೇನುಕುರುಬರ ಮಾತೂ ನಮ್ಮ ಕಿವಿಗೆ ನೆಂಟರ ಮಾತಿನಂತೆಯೇ ಕೇಳುತ್ತವೆ. ಹೀಗಾಗಿ ಅಲ್ಲಿಯ ಹೊಟ್ಟೆಪಾಡು ನಮಗೆ ದೂರದ ಸುದ್ದಿಯಲ್ಲ.

ಬೊಜ್ಜಿನ ಲೆಕ್ಕದಲ್ಲಿ ಕೇರಳ ದೇಶಕ್ಕಿಂತ ಬಹಳ ಮುಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದ ಹೆಂಗಸರಲ್ಲಿ ಶೇ 38.1, ಗಂಡಸರಲ್ಲಿ ಶೇ 36.4 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ದೇಶದ ಲೆಕ್ಕ ಶೇ 24 ಮತ್ತು 22.9. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಕೇರಳದ ಹೆಂಗಸರ ಪ್ರಮಾಣ ಶೇ 32.4 ಇತ್ತು. ವಯನಾಡು ಈ ಕೇರಳದ ಒಳಗೇ ಇದೆ. ಆದರೆ 2011ರ ಜನಗಣತಿಯಂತೆ ಅದರ ಜನಸಂಖ್ಯೆಯಲ್ಲಿ ಶೇ 18.5ರಷ್ಟು ಆದಿವಾಸಿಗಳು. ಅವರಲ್ಲಿ ಪಣಿಯರ ಹಿರಿಯರು ‘ವಲ್ಲಿ’ ಎಂಬ ಭತ್ತದ ಕೂಲಿಗೆ ಒಡೆಯರ ಗದ್ದೆಗೆ ಕಟ್ಟುಬಿದ್ದವರು. ಆ ಜೀತಕ್ಕೆ ಜನ ಗೊತ್ತುಮಾಡುತ್ತಿದ್ದದ್ದು ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ. ಹೊಟ್ಟೆ ತುಂಬದ ಹಾಡಿ ಮತ್ತು ಹೊಟ್ಟೆ ಇಳಿಯದ ಪೇಟೆ ಒಂದೇ ಬಸ್ಸಿನ ಎರಡು ನಿಲ್ದಾಣಗಳು. ಹಸಿವನ್ನೇ ಕುಗ್ಗಿಸುವ ಮದ್ದು ಬಂದಿರುವುದು ಇಂಥ ಜಿಲ್ಲೆಗೆ.

ಮೊದಲು ಮದ್ದಿಗೆ ಸಲ್ಲಬೇಕಾದ್ದು ಸಲ್ಲಲಿ. ಉಂಡ ಮೇಲೆ ಕರುಳಿನಲ್ಲಿ ಹುಟ್ಟಿ, ಸಾಕು ಎಂದು ಮಿದುಳಿಗೆ ಹೇಳುವ ಒಂದು ಹಾರ್ಮೋನಿನ ನಕಲು ಇದು. ನಮ್ಮ ಒಳಗಿನ ಅಸಲು ನಿಮಿಷಗಳಲ್ಲಿ ಕರಗಿಹೋಗುತ್ತದೆ, ನಕಲು ವಾರಗಟ್ಟಲೆ ಉಳಿಯುತ್ತದೆ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 1,961 ಮಂದಿ ಇದ್ದರು; 68 ವಾರಗಳಲ್ಲಿ ಮದ್ದು ಪಡೆದವರ ತೂಕ ಸರಾಸರಿ ಶೇ 14.9 ಇಳಿಯಿತು. ಮರುವರ್ಷ ಟಿರ್ಜೆಪಟೈಡ್‌ನ ದೊಡ್ಡ ಪ್ರಮಾಣ ಶೇ 20.9 ಇಳಿಸಿ ತೋರಿಸಿತು. ದಪ್ಪಗಿರುವುದು ನಾಲಿಗೆ ಚಪಲದ ಫಲ ಎಂದು ನೆಂಟರಿಷ್ಟರೆಲ್ಲ ಕೊಟ್ಟಿದ್ದ ತೀರ್ಪನ್ನು ಈ ಮದ್ದು ಅಳಿಸಿಹಾಕಿತು. ಒಂದು ಹಾರ್ಮೋನು ಬದಲಾದರೆ ಚಪಲವೇ ಮಾಯವಾಗುವುದಾದರೆ, ಅದು ಚಾರಿತ್ರ್ಯದ ದೋಷ ಹೇಗಾದೀತು?

ಆ ಸೆಮಾಗ್ಲುಟೈಡ್ ಪರೀಕ್ಷೆಯ ಇನ್ನೊಂದು ಅಂಕಿಯನ್ನು ಜಾಹೀರಾತುಗಳು ಓದುವುದಿಲ್ಲ. ಬರೀ ನೀರಿನಂಥ ಚುಚ್ಚುಮದ್ದು ಪಡೆದವರಿಗೂ ನಾಲ್ಕು ವಾರಕ್ಕೊಮ್ಮೆ ಸಲಹೆ ಸಿಗುತ್ತಿತ್ತು: ದಿನಕ್ಕೆ 500 ಕ್ಯಾಲರಿ ಕಡಿಮೆ ಉಣ್ಣಿ, ವಾರಕ್ಕೆ 150 ನಿಮಿಷ ಮೈ ದಣಿಸಿ. ಅವರ ತೂಕ ಇಳಿದದ್ದು ಶೇ 2.4. ನಮ್ಮ ಚೀಟಿಯ ಕೊನೆಯ ಸಾಲಿಗಿಂತ ಎಷ್ಟೋ ಪಟ್ಟು ಮುತುವರ್ಜಿಯ ಸಲಹೆಗೇ ಇಷ್ಟು ಫಲ. ಹಾಗಾದರೆ ಗೀಟಿನ ಕೆಳಗಿನ ಒಂಟಿ ಸಾಲಿನಿಂದ ನಾವು ಏನನ್ನು ನಿರೀಕ್ಷಿಸುತ್ತಿದ್ದೇವೆ?

ಮದ್ದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ. ಮದ್ದು, ಸಲಹೆ ಎರಡೂ ನಿಂತ ಒಂದು ವರ್ಷದಲ್ಲಿ ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂತು. ಅಂದರೆ ಇದು ಬಿಪಿ ಮಾತ್ರೆಯಂತೆ ವರ್ಷಾನುಗಟ್ಟಲೆಯ ಸಂಗಾತಿ. ಇಲ್ಲಿ ಬೆಲೆಯ ಮಾತು ಬರುತ್ತದೆ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ‘ಮೌಂಜಾರೋ’ ಹೆಸರಿನಲ್ಲಿ ಭಾರತಕ್ಕೆ ಬಂದಾಗ 2.5 ಮಿಲಿಗ್ರಾಂನ ಸೀಸೆಗೆ 3,500 ರೂಪಾಯಿ, ವಾರಕ್ಕೆ ಒಂದು. ಆ ವರ್ಷ ಕೇರಳದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 369 ರೂಪಾಯಿ. ಒಂದು ವಾರದ ಮದ್ದಿಗೆ ಒಂಬತ್ತೂವರೆ ದಿನದ ದುಡಿಮೆ ಬೇಕಿತ್ತು. ವಾರಕ್ಕಿರುವುದು ಏಳೇ ದಿನ. ಜೂನ್‌ನಲ್ಲಿ ಬಂದ ವೆಗೋವಿ, ಅಂದರೆ ಸೆಮಾಗ್ಲುಟೈಡ್, ತಿಂಗಳಿಗೆ 17,345 ರೂಪಾಯಿಯಿಂದ ಶುರುವಾಗಿ, ನವೆಂಬರ್ ಹೊತ್ತಿಗೆ 10,850ಕ್ಕೆ ಇಳಿಯಿತು. 2026ರ ಮಾರ್ಚ್‌ನ ಗಡುವಿನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಮುಗಿದ ಮೇಲೆ ದೇಶೀ ಕಂಪನಿಗಳ ಪೈಪೋಟಿಗೆ ದಾರಿ.

ಬೆಲೆ ಇಳಿಯುವುದು ಒಳ್ಳೆಯದೇ. ಆದರೆ ಅಗ್ಗದ ಮದ್ದು ಡಾಕ್ಟರನ್ನು ಜೊತೆಗೆ ಕರೆತರುವುದಿಲ್ಲ. ವಾಕರಿಕೆ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪವಾದರೂ ಸುಳ್ಳಲ್ಲ. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆ ಮೆಡಿಕಲ್ ಕಾಲೇಜಿನ ಬೋರ್ಡು ಹಾಕಿಕೊಂಡಿದೆ. ಆದರೂ ಕಾಯಿಲೆ ಬಿಗಡಾಯಿಸಿದಾಗ ವಯನಾಡಿನವರು ನೋಡುವುದು ಕೋಯಿಕ್ಕೋಡಿನ ಕಡೆಗೇ, ತಾಮರಶ್ಶೇರಿ ಘಾಟಿಯ ಒಂಬತ್ತು ಹಿಮ್ಮುರಿ ತಿರುವುಗಳನ್ನು ಇಳಿದು. ಮಳೆಗಾಲದಲ್ಲಿ ಗುಡ್ಡ ಜರಿದರೆ ಆ ದಾರಿಯೂ ಮುಚ್ಚುತ್ತದೆ. ಇನ್ನೊಂದು ಸಂಗತಿ: ಇಳಿಯುವ ತೂಕವೆಲ್ಲ ಕೊಬ್ಬಲ್ಲ, ಅದರಲ್ಲಿ ಸ್ನಾಯುವಿನ ಪಾಲೂ ಇದೆ. ಮೇಜಿನ ಮುಂದೆ ಕುಳಿತವನಿಗೆ ಅದೊಂದು ಅಡಿಟಿಪ್ಪಣಿ. ಮೇಪ್ಪಾಡಿಯ ಇಳಿಜಾರಿನಲ್ಲಿ ಚಹಾ ಎಲೆಯ ಹೊರೆ ಹೊರುವವಳಿಗೆ ಸ್ನಾಯುವೇ ಬಂಡವಾಳ.

ಆ ಹೆಂಗಸಿಗೆ ‘ದಿನಾ ನಡೆಯಿರಿ’ ಎಂದು ಬರೆದುಕೊಡುವ ಚೀಟಿಯನ್ನು ಊಹಿಸಿಕೊಳ್ಳಿ. ಹಗಲಿಡೀ ನಿಂತು ಎಲೆ ಕಿತ್ತವಳು ಅವಳು. ಅವಳಿಗೆ ಕಡಿಮೆಯಾಗಿರುವುದು ನಡಿಗೆಯಲ್ಲ. ತಟ್ಟೆಯಲ್ಲಿ ಅನ್ನದ ಪಕ್ಕ ಇರಬೇಕಾದ ಕಾಳು, ಸೊಪ್ಪು, ಮೀನು. ಬತ್ತೇರಿ ಪೇಟೆಯ ಅಂಗಡಿಯವನ ಕಥೆ ಬೇರೆ: ಬೆಳಿಗ್ಗೆ ಗಲ್ಲಾಪೆಟ್ಟಿಗೆ ಮುಂದೆ ಕುಳಿತರೆ ರಾತ್ರಿ ಪೊರೋಟ ತಿಂದೇ ಏಳುವುದು. ಇಬ್ಬರ ಚೀಟಿಯಲ್ಲೂ ಕೊನೆಯ ಸಾಲು ಒಂದೇ.

ನಮ್ಮ ಹಳೆಯ ವೈದ್ಯಕ್ಕೆ ಇದಕ್ಕೊಂದು ಮಾತಿತ್ತು: ಪಥ್ಯ. ಮದ್ದಿಗೆ ತಕ್ಕ ಪಥ್ಯ, ಪಥ್ಯಕ್ಕೊಂದು ಅವಧಿ. ಪಂಡಿತರು ಅದನ್ನು ರೋಗಿಗಷ್ಟೇ ಹೇಳಿ ಕಳಿಸುತ್ತಿರಲಿಲ್ಲ, ಅಡುಗೆ ಮನೆಗೆ ಕೇಳುವಂತೆ ಹೇಳುತ್ತಿದ್ದರು. ಅದರ ಹೊರೆಯೂ ಹೆಂಗಸರ ತಲೆಗೇ ಬರುತ್ತಿತ್ತು, ನಿಜ. ಕಾಯಿಲೆ ಅವರದೇ ಆದಾಗ ಪಥ್ಯ ಕೆಡುತ್ತಿದ್ದದ್ದೂ ನಿಜ. ಆದರೂ ಪಥ್ಯ ಇಡೀ ಮನೆಯ ಕೆಲಸ ಎಂಬ ಅರಿವು ಅದರಲ್ಲಿತ್ತು. ‘ಜೀವನಶೈಲಿ’ ಎಂಬ ಪದ ಬಂದ ಮೇಲೆ ಅದು ಒಬ್ಬಂಟಿಯ ಹೊಣೆಯಾಯಿತು, ಸೋತರೆ ಒಬ್ಬಂಟಿಯ ತಪ್ಪೂ ಆಯಿತು.

ಕೊನೆಯ ಸಾಲಿಗೆ ಪ್ರಮಾಣ ಕೊಟ್ಟು ನೋಡಿದವರಿದ್ದಾರೆ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಿ, 24 ವಾರಗಳಲ್ಲಿ 16 ಪಾಠ. ಮಧುಮೇಹಕ್ಕೆ ಜಾರುವ ಸಂಭವ ಶೇ 58 ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ತಗ್ಗಿದ್ದು ಶೇ 31. ಕೇರಳವೂ ಪ್ರಯತ್ನಿಸಿತು. ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ವ್ಯಾಪ್ತಿಗಳಲ್ಲಿ 1,007 ಮಂದಿಯನ್ನು ತೆಗೆದುಕೊಂಡು, ಅರ್ಧದಷ್ಟು ಕಡೆ ಊರವರೇ ಮುಂದೆ ನಿಂತು ನಡೆಸುವ ಗುಂಪುಗಳನ್ನು ಕಟ್ಟಿದರು. 2018ರಲ್ಲಿ ಬಂದ ಫಲಿತಾಂಶ: ಎರಡು ವರ್ಷದಲ್ಲಿ ಗುಂಪಿನವರಲ್ಲಿ ಶೇ 14.9, ಉಳಿದವರಲ್ಲಿ ಶೇ 17.1 ಮಂದಿಗೆ ಮಧುಮೇಹ. ಈ ಅಂತರ ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರ ಒಪ್ಪಲಿಲ್ಲ. ಇದನ್ನು ಸೋಲು ಎಂದು ಮುಚ್ಚಿಡಬೇಕಿಲ್ಲ, ಗೆಲುವು ಎಂದು ಮೆರೆಸಲೂ ಬೇಕಿಲ್ಲ. ಗುಂಪು ಕಟ್ಟಿದರೂ ದಾರಿ ಕಡಿದೇ. ಬರೀ ಸಾಲು ಬರೆದು ಕೈತೊಳೆದುಕೊಂಡವರು ನಾಚಲು ಇಷ್ಟು ಸಾಕು.

ಸಂಶೋಧಕರ ಕೈಗೆ ಸಿಗದ ಒಂದು ಪ್ರಯೋಗ ಮಲಬಾರಿನ ಮೈದಾನಗಳಲ್ಲಿ ತಾನಾಗಿ ಹಬ್ಬಿದೆ. ಮಲಪ್ಪುರಂನ ಕೊಂಡೋಟ್ಟಿಯಲ್ಲಿ ಸಲಾಹುದ್ದೀನ್ ಎಂಬ ನಿವೃತ್ತ ಯೋಧರು ಆರಂಭಿಸಿದ ‘ಮೆಕ್ ಸೆವೆನ್’: ಬೆಳ್ಳಂಬೆಳಗ್ಗೆ 21 ನಿಮಿಷದ ಸಾಮೂಹಿಕ ವ್ಯಾಯಾಮ, ಪೈಸೆ ಕೊಡಬೇಕಿಲ್ಲ. ಇದರ ಹಿಂದೆ ಮತೀಯ ಸಂಘಟನೆಗಳಿವೆ ಎಂಬ ಆರೋಪ 2024ರ ಕೊನೆಗೆ ದೊಡ್ಡ ಗದ್ದಲವನ್ನೇ ಎಬ್ಬಿಸಿತು; ನಡೆಸುವವರು ಅಲ್ಲಗಳೆದರು. ಇಪ್ಪತ್ತೊಂದೇಳಲಿ ನೂರ ನಲವತ್ತೇಳು: ವಾರಕ್ಕೆ 150 ನಿಮಿಷ ಎಂಬ ವೈದ್ಯರ ಲೆಕ್ಕಕ್ಕೆ ಮೂರೇ ಕಡಿಮೆ. ಇದರಿಂದ ತೂಕ ಶೇ 15 ಇಳಿಯದು. ಆದರೆ ನಾಳೆ ಬರದಿದ್ದರೆ ‘ಯಾಕೆ ಬರಲಿಲ್ಲ’ ಎಂದು ಕೇಳುವವರೊಬ್ಬರು ಇರುತ್ತಾರೆ. ಚೀಟಿಗೆ ಆ ಬಾಯಿಯಿಲ್ಲ.

ತಟ್ಟೆಯ ವಿಷಯಕ್ಕೂ ವಯನಾಡಿನಲ್ಲಿ ಉತ್ತರಗಳಿವೆ. ತಿರುನೆಲ್ಲಿ ಬಳಿಯ ಇರುಂಬುಪಾಲಂನಲ್ಲಿ ಬೆಟ್ಟಕುರುಬ ಹೆಣ್ಣುಮಕ್ಕಳ ‘ನೂರಾಂಗ್’ ಗುಂಪು ನೂರಕ್ಕೂ ಹೆಚ್ಚು ಬಗೆಯ ಗೆಡ್ಡೆಗೆಣಸು ಬೆಳೆಸಿ ಉಳಿಸುತ್ತಿದೆ. 2023ರಲ್ಲಿ ಪದ್ಮಶ್ರೀ ಪಡೆದ ಚೆರುವಯಲ್ ರಾಮನ್ ಐವತ್ತಕ್ಕೂ ಹೆಚ್ಚು ನಾಡ ಭತ್ತದ ತಳಿಗಳನ್ನು ಕಾಪಾಡಿದ್ದಾರೆ. ಇವನ್ನು ತೂಕ ಇಳಿಸುವ ಪವಾಡವೆಂದು ಮಾರುವುದು ಮೋಸ. ಗೆಡ್ಡೆಯಲ್ಲೂ ಪಿಷ್ಟವೇ ತುಂಬಿದೆ. ಇವು ಹೇಳುವುದು ಬೇರೆಯೇ ಮಾತು: ಗದ್ದೆಗಳಿಗೆ ನೇಂದ್ರ ಬಾಳೆ, ಶುಂಠಿ ಬಂದಾಗ ಊಟದ ವೈವಿಧ್ಯವೂ ಗದ್ದೆ ಬಿಟ್ಟು ಹೋಯಿತು. ಅದು ಯಾವ ರೋಗಿಯ ಜೀವನಶೈಲಿಯೂ ಆಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಈ ಮದ್ದುಗಳಿಗೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಜೊತೆಗೆ ಊಟ, ವ್ಯಾಯಾಮಗಳ ತೀವ್ರ ಆಪ್ತಸಲಹೆಯೂ ಇರಲಿ ಎಂದಿತು. ಆ ಜೊತೆಯನ್ನು ಕೊಡುವವರು ಯಾರು ಎಂಬುದೇ ನಮ್ಮ ಪ್ರಶ್ನೆ. 2022ರಿಂದ ಆಶಾ ಕಾರ್ಯಕರ್ತೆಯರು ‘ಶೈಲಿ’ ಆ್ಯಪ್ ಹಿಡಿದು, ಮೂವತ್ತು ದಾಟಿದವರ ವಿವರ ಬರೆದುಕೊಳ್ಳಲು ಕೇರಳದ ಮನೆಮನೆಗೆ ಹೋಗುತ್ತಿದ್ದಾರೆ. ಮನೆಯ ಬಾಗಿಲವರೆಗೆ ದಾರಿಯಾಗಿದೆ. ಅಡುಗೆ ಮನೆಯವರೆಗೆ ಆಗಬೇಕು.

ಹಾಗಾಗಿ ನನ್ನ ತೀರ್ಪು ಇಷ್ಟು. ಬೇಕಾದವರಿಗೆ, ವೈದ್ಯರ ಕಣ್ಗಾವಲಿನಲ್ಲಿ, ಮದ್ದು ಸಿಗಲಿ. ಅದನ್ನು ಪಡೆದವರನ್ನು ಸೋಮಾರಿಗಳೆನ್ನುವುದು ನಿಲ್ಲಲಿ. ಕೊನೆಯ ಸಾಲನ್ನು ಮಾತ್ರ ತಿದ್ದಿ ಬರೆಯಬೇಕು, ಮೇಲಿನ ಸಾಲುಗಳಷ್ಟೇ ಕಟ್ಟುನಿಟ್ಟಾಗಿ: ಮಂಗಳವಾರ, ಶುಕ್ರವಾರ ಸಂಜೆ ಐದಕ್ಕೆ, ಅಂಗನವಾಡಿ ಜಗುಲಿಯಲ್ಲಿ, ಎರಡು ವರ್ಷ. ಬರುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನೂ ಉಣ್ಣುವವರನ್ನೂ ಕರೆತರುವುದು.